ಲ್ಯಾಪ್‌ಟಾಪಿನ ಒಳಗೇ ಬ್ಲೂಟೂತ್ ಕೂರಿಸುವ ಮುನ್ನ

ಕೇಳುಗರಿಗೆ ನಮಸ್ಕಾರ.

ದೊಡ್ಡ ಕಚೇರಿಗಳಲ್ಲಿ ದುಡಿದು ಹೊರಬಿದ್ದ ಲ್ಯಾಪ್‌ಟಾಪುಗಳು ಈಗ ನಮ್ಮ ಊರಿನ ಅಂಗಡಿಗಳಿಗೂ ಬರುತ್ತವೆ. ಮಗಳ ಕಾಲೇಜಿಗೆ, ಅಂಗಡಿಯ ಲೆಕ್ಕಕ್ಕೆ ಅಂತ ಜನ ಕೊಳ್ಳುತ್ತಾರೆ. ಗಟ್ಟಿ ಯಂತ್ರಗಳು, ಎರಡು ಮಾತಿಲ್ಲ. ಮನೆಗೆ ತಂದ ಮೇಲೆ ಗೊತ್ತಾಗುತ್ತದೆ: ವೈಫೈ ಉಂಟು, ಕ್ಯಾಮೆರಾ ಉಂಟು, ಬ್ಲೂಟೂತ್ ಇಲ್ಲ. ಕಿವಿಗೆ ಸಿಕ್ಕಿಸುವ ಇಯರ್‌ಬಡ್ಸ್ ಮೊಬೈಲಿಗೆ ಸೇರುತ್ತದೆ, ಇದಕ್ಕೆ ಸೇರುವುದಿಲ್ಲ.

ಹೊರಗೆ ಸಿಕ್ಕಿಸುವ ಡಾಂಗಲ್ ಬೇಡ, ಒಳಗೇ ಇರಬೇಕು ಅನ್ನುವವರು ಬಹಳ. ನನಗೂ ಅದೇ ಇಷ್ಟ. ಚೀಲಕ್ಕೆ ಹಾಕುವಾಗ ಮುರಿಯುವುದಿಲ್ಲ, ಕಳೆದುಹೋಗುವುದಿಲ್ಲ, ಯುಎಸ್‌ಬಿ ಬಾಯಿಯೊಂದು ಉಳಿಯುತ್ತದೆ. ಅದಕ್ಕೆ ಇರುವ ದಾರಿಯೂ ಸುಲಭದ್ದೇ. ಲ್ಯಾಪ್‌ಟಾಪಿನ ಒಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ವೈಫೈ ಕಾರ್ಡು ಇರುತ್ತದೆ. ಅದನ್ನು ತೆಗೆದು, ವೈಫೈ ಮತ್ತು ಬ್ಲೂಟೂತ್ ಎರಡೂ ಇರುವ ಕಾಂಬೊ ಕಾರ್ಡು ಕೂರಿಸುವುದು. ಅಂಗಡಿಯವರು ಹೇಳುವುದೂ ಇಷ್ಟೇ.

ಅಂಗಡಿಯವರು ಹೇಳದ ಮಾತೊಂದಿದೆ. ಇವತ್ತು ನಾನು ಬಂದದ್ದೇ ಅದಕ್ಕೆ. ಕಾಂಬೊ ಕಾರ್ಡಿನಲ್ಲಿ ವೈಫೈ ಮತ್ತು ಬ್ಲೂಟೂತ್ ಒಂದೇ ಹಲಗೆಯ ಮೇಲೆ ಕೂತಿದ್ದರೂ ಅವು ಕಂಪ್ಯೂಟರಿನ ಜೊತೆ ಮಾತಾಡುವ ತಂತಿಗಳು ಬೇರೆ ಬೇರೆ. ವೈಫೈ ಹೋಗುವುದು ಪಿಸಿಐ ಎಕ್ಸ್‌ಪ್ರೆಸ್ ಎಂಬ ದಾರಿಯಲ್ಲಿ. ಬ್ಲೂಟೂತ್ ಹೋಗುವುದು ಯುಎಸ್‌ಬಿ ದಾರಿಯಲ್ಲಿ. ಹೌದು, ಪೆನ್‌ಡ್ರೈವ್ ಚುಚ್ಚುತ್ತೀರಲ್ಲ, ಅದೇ ಯುಎಸ್‌ಬಿ. ಒಳಗೆ ತೆಳ್ಳಗಿನ ಎರಡು ಗೆರೆಗಳಾಗಿ ಬಂದಿರುತ್ತದೆ. ಅಂಗಳದಲ್ಲಿ ಎರಡು ನಳ್ಳಿ ಇವೆ ಅಂತಿಟ್ಟುಕೊಳ್ಳಿ, ಒಂದು ಪಂಚಾಯತಿನದ್ದು, ಒಂದು ನಿಮ್ಮ ಬಾವಿಯ ಪಂಪಿನದ್ದು. ಪಂಚಾಯತಿನ ನಳ್ಳಿಯಲ್ಲಿ ನೀರು ಬಂತು ಅಂದರೆ ಬಾವಿಯಲ್ಲಿ ನೀರುಂಟು ಎಂದು ಅರ್ಥವಲ್ಲ.

ಆದ್ದರಿಂದ ಕಾರ್ಡು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಲ್ಯಾಪ್‌ಟಾಪಿನಲ್ಲಿ ಆ ಕಾರ್ಡು ಕೂರುವ ಸ್ಲಾಟಿಗೆ ಯುಎಸ್‌ಬಿ ಗೆರೆ ಬಂದಿದೆಯೇ?

ನಮ್ಮ ನೆರೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ತಾಳಮದ್ದಲೆಯ ಹುಚ್ಚು. ಹಿಂದೆ ತಾವೂ ಅರ್ಥ ಹೇಳಿದವರು. ಹಳೆಯ ಕೂಟಗಳ ಧ್ವನಿಮುದ್ರಿಕೆಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಕೂಡಿಟ್ಟಿದ್ದಾರೆ. ತೋಟದಲ್ಲಿ ಅಡಿಕೆ ಹೆಕ್ಕುವಾಗ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಬೇಕು ಅಂತ ಆಸೆ. ಕಾಂಬೊ ಕಾರ್ಡು ತರಿಸಿದರು, ಪೇಟೆಯ ಹುಡುಗನೊಬ್ಬ ಕೂರಿಸಿಕೊಟ್ಟ. ವೈಫೈ ಮೊದಲಿಗಿಂತ ಚುರುಕಾಯಿತು. ಬ್ಲೂಟೂತ್ ಮಾತ್ರ ಕಾಣಿಸಲೇ ಇಲ್ಲ.

ಹುಡುಗ ಹೇಳಿದ, ಡ್ರೈವರ್ ಪ್ರಾಬ್ಲಮ್ ಅಂತ. ಡ್ರೈವರ್ ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ. ಡ್ರೈವರ್ ಹಾಕಿದ, ತೆಗೆದ, ಮತ್ತೆ ಹಾಕಿದ. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದ. ಯಾವುದಕ್ಕೂ ಈ ‘ಡ್ರೈವರ್’ ಎನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ. ಯಾಕೆಂದರೆ ಯುಎಸ್‌ಬಿ ಗೆರೆಯಲ್ಲಿ ಜೀವ ಇದ್ದರೆ, ಡ್ರೈವರ್ ಇಲ್ಲದಿದ್ದರೂ ವಿಂಡೋಸಿನ ಸಾಧನಗಳ ಪಟ್ಟಿಯಲ್ಲಿ, ಅಂದರೆ ಡಿವೈಸ್ ಮ್ಯಾನೇಜರಿನಲ್ಲಿ, ಗುರುತು ಸಿಗದ ಸಾಧನ ಎಂದಾದರೂ ಒಂದು ಸಾಲು ಬರುತ್ತದೆ. ಹಳದಿ ಗುರುತಿನ ಸಾಲು. ಅದೂ ಇಲ್ಲ, ಏನೂ ಇಲ್ಲ ಅಂದರೆ, ತಂತಿಯೇ ಇಲ್ಲದ ಕಡೆ ಡ್ರೈವರ್ ಹಾಕಿ ಏನು ಮಾಡುತ್ತೀರಿ?

ಮೇಷ್ಟ್ರು ನನ್ನಲ್ಲಿಗೆ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ, ಕೃಷ್ಣಸಂಧಾನದ ಕೌರವನ ಹಾಗೆ ವಾದಕ್ಕೇ ನಿಂತರು. “ವೈಫೈ ಬರ್ತದೆ ಅಂದ ಮೇಲೆ ಕಾರ್ಡು ಸರಿಯುಂಟು. ಕಾರ್ಡು ಸರಿಯುಂಟು ಅಂದ ಮೇಲೆ ಸ್ಲಾಟು ಸರಿಯುಂಟು. ಸ್ಲಾಟು, ಕಾರ್ಡು ಎರಡೂ ಸರಿ ಇದ್ದು ಬ್ಲೂಟೂತ್ ಬರುವುದಿಲ್ಲ ಅಂದ್ರೆ ಹೇಗೆ ಮಾರಾಯ?”

“ನಿಮ್ಮ ಎರಡನೇ ಮೆಟ್ಟಿಲೇ ಜಾರ್ತದೆ ಮೇಷ್ಟ್ರೇ,” ಅಂದೆ. ಸ್ಲಾಟು ಅರ್ಧ ಸರಿ ಇರಬಹುದು.

ಅದು ಮಿನಿ ಪಿಸಿಐ ಎಕ್ಸ್‌ಪ್ರೆಸ್ ಎಂಬ ಹಳೆಯ ಬಗೆಯ ಸ್ಲಾಟಿನ ಕಾಲದ ಯಂತ್ರ. ಆ ಸ್ಲಾಟಿನಲ್ಲಿ 52 ಪಿನ್ನುಗಳು. ಯುಎಸ್‌ಬಿ ಬರಬೇಕಾದದ್ದು 36 ಮತ್ತು 38ಕ್ಕೆ. ಹಿಂಬದಿಯ ಮುಚ್ಚಳ ತೆಗೆದು, ಮಲ್ಟಿಮೀಟರ್ ಹಿಡಿದು ಆ ಎರಡು ಗೆರೆಗಳನ್ನು ಹಿಂಬಾಲಿಸಿದೆವು. ಮೇಷ್ಟ್ರೇ ಟಾರ್ಚ್ ಹಿಡಿದದ್ದು. ಸ್ವಲ್ಪ ದೂರ ಹೋಗಿ ಎರಡೂ ಗೆರೆಗಳು ನಿಂತುಬಿಟ್ಟವು. ನಿಂತ ಕಡೆ ಸಾಸಿವೆಯಷ್ಟು ಪುಟ್ಟ ರೆಸಿಸ್ಟರ್ ಕೂರುವ ಎರಡು ಖಾಲಿ ಜಾಗ. ಅದರಾಚೆ ಗೆರೆ ಮತ್ತೆ ಮುಂದುವರಿದಿದೆ!

ಅರ್ಥವಾಯಿತಲ್ಲ? ಕಂಪೆನಿಯವರು ಒಂದೇ ಬೋರ್ಡನ್ನು ಹಲವು ಮಾದರಿಗಳಿಗೆ ಮಾಡುತ್ತಾರೆ. ಬ್ಲೂಟೂತ್ ಇರುವ ಮಾದರಿಗೆ ಆ ಎರಡು ಬಿಡಿಭಾಗ ಹಾಕುತ್ತಾರೆ, ಇಲ್ಲದ ಮಾದರಿಗೆ ಬಿಡುತ್ತಾರೆ. ಅವು ಸೊನ್ನೆ ಓಮಿನ ರೆಸಿಸ್ಟರುಗಳು, ಅಂದರೆ ಬರೀ ಸೇತುವೆ. ಒಂದು ಸತ್ತ ಬೋರ್ಡಿನಿಂದ ಅಂಥ ಎರಡನ್ನು ಕಿತ್ತು, ಸೂಜಿಮೊನೆಯ ಸಾಲ್ಡರಿಂಗ್ ಐರನ್‌ನಲ್ಲಿ ಕೂರಿಸಿದೆ. ಆನ್ ಮಾಡಿದ ಕೂಡಲೇ ಬ್ಲೂಟೂತ್ ಗುರುತು ಬಂತು. ಡ್ರೈವರ್ ಯಾರೂ ಹಾಕಲಿಲ್ಲ! ಮೇಷ್ಟ್ರು ಅಷ್ಟಕ್ಕೂ ಸೋಲೊಪ್ಪಲಿಲ್ಲ. “ನಾನು ಹೇಳಿದ್ದೇ ಸರಿಯಾಯ್ತಲ್ಲ, ಕಾರ್ಡಲ್ಲಿ ದೋಷ ಇರಲಿಲ್ಲ” ಅಂದರು. ಈಗ ಅವರ ತೋಟದ ಬದಿಯಲ್ಲಿ ಹೋದರೆ ಕರ್ಣನೋ ಶಲ್ಯನೋ ಮಾತಾಡುತ್ತಿರುತ್ತಾನೆ.

ನೀವು ಈ ಸಾಲ್ಡರಿಂಗ್ ಕೆಲಸಕ್ಕೆ ಹೋಗಬೇಡಿ. ಇದನ್ನು ಹೇಳಿದ್ದು ಕಾರ್ಡು ಕೊಳ್ಳುವ ಮೊದಲೇ ವಿಚಾರಿಸಲಿ ಅಂತ. ವಿಚಾರಿಸುವುದು ಹೇಗೆ? ನಿಮ್ಮ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾದರಿ ಹೆಸರು ಬರೆದುಕೊಳ್ಳಿ. ತಯಾರಕರ ಜಾಲತಾಣದಲ್ಲಿ ಅದರ ಸರ್ವಿಸ್ ಮ್ಯಾನುವಲ್ ಹುಡುಕಿ, ಬಿಡಿಭಾಗಗಳ ಪಟ್ಟಿ ನೋಡಿ. ಅದೇ ಮಾದರಿಗೆ ಬ್ಲೂಟೂತ್ ಇರುವ ಕಾಂಬೊ ಕಾರ್ಡು ಪಟ್ಟಿಯಲ್ಲಿದ್ದರೆ ಯುಎಸ್‌ಬಿ ಗೆರೆ ಬಂದಿರುವ ಸಾಧ್ಯತೆ ಹೆಚ್ಚು. ಕೊಳ್ಳುವುದಾದರೆ ಆ ಪಟ್ಟಿಯ ಕಾರ್ಡನ್ನೇ ಕೊಳ್ಳಿ. ಇನ್ನೊಂದು ಲಾಭವೂ ಇದೆ: ಕೆಲವು ಹಳೆಯ ಲ್ಯಾಪ್‌ಟಾಪುಗಳ ಬಯಾಸ್, ಅಂದರೆ ಆನ್ ಮಾಡಿದೊಡನೆ ಮೊದಲು ಓಡುವ ತಂತ್ರಾಂಶ, ತನ್ನ ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ ಮುಂದೆ ಹೋಗುವುದೇ ಇಲ್ಲ, ಕಪ್ಪು ಪರದೆಯ ಮೇಲೆ ಎಚ್ಚರಿಕೆ ಬರೆದು ನಿಂತುಬಿಡುತ್ತದೆ. ಪಟ್ಟಿಯ ಕಾರ್ಡಿಗೆ ಆ ಕಾಟವಿಲ್ಲ. ಇನ್ನು ಥಿಂಕ್‌ಪ್ಯಾಡ್ ಟಿ400ನಂಥ ಯಂತ್ರಗಳಲ್ಲಿ ಬ್ಲೂಟೂತಿಗೆ ಬೇರೆಯೇ ಒಂದು ಪುಟ್ಟ ಹಲಗೆ ಇತ್ತು. ಅಂಥದ್ದಾದರೆ ವೈಫೈ ಕಾರ್ಡನ್ನು ಮುಟ್ಟುವುದೇ ಬೇಡ.

ನನಗೆ ಕೊಟ್ಟ ಹೊತ್ತಿನ ಹೆಚ್ಚಿನ ಪಾಲನ್ನು ಮೇಷ್ಟ್ರೇ ತೆಗೆದುಕೊಂಡರು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಸ್ವಲ್ಪ ಹೊಸ ಲ್ಯಾಪ್‌ಟಾಪುಗಳಲ್ಲಿ ಇರುವುದು ಎಂ.2 ಸ್ಲಾಟು. ಅಲ್ಲಿ ಯುಎಸ್‌ಬಿ ಗೆರೆ ಸಾಮಾನ್ಯವಾಗಿ ಬಂದಿರುತ್ತದೆ. ಆದರೆ ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್201 ಎಂಬ ಕಾಂಬೊ ಕಾರ್ಡುಗಳು ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ 201 ಕೆಲಸ ಮಾಡುವುದು ಅದಕ್ಕೆಂದೇ ಮಾಡಿದ ಇಂಟೆಲ್ ಯಂತ್ರಗಳಲ್ಲಿ ಮಾತ್ರ. ಗೊತ್ತಿಲ್ಲದಿದ್ದರೆ 200 ಅಥವಾ 210 ಕೇಳಿ.

ಬಿಚ್ಚುವ ಮೊದಲು ಚಾರ್ಜರ್ ತೆಗೆಯಿರಿ, ಬ್ಯಾಟರಿಯನ್ನೂ ಕಳಚಿ. ಕಾರ್ಡಿಗೆ ಸಿಕ್ಕಿಸಿದ ಕಪ್ಪು, ಬಿಳಿ ತಂತಿಗಳು ಆಂಟೆನಾಗಳು. ಎಳೆಯಬೇಡಿ, ಉಗುರಿನಿಂದ ನೇರ ಮೇಲಕ್ಕೆ ಎತ್ತಿ. ತಂತಿಯ ತುದಿಯ ಆ ಗುಂಡಿಗಳು ಮೂವತ್ತು ಸಲ ಹಾಕಿ ತೆಗೆಯುವುದಕ್ಕಷ್ಟೇ ಮಾಡಿದಂಥವು. ಎರಡನ್ನೂ ಮರಳಿ ಹಾಕಿ. ಒಂದನ್ನು ಬಿಟ್ಟರೂ ವೈಫೈ ನಡೆಯುತ್ತದೆ, ಆದರೆ ಎಷ್ಟೋ ಕಾರ್ಡುಗಳಲ್ಲಿ ಬ್ಲೂಟೂತ್ ನೆಚ್ಚಿಕೊಂಡಿರುವುದು ಆ ಬಿಟ್ಟ ತಂತಿಯನ್ನೇ. ಆಗ ಎದ್ದು ಬಾಗಿಲಿನ ತನಕ ಹೋಗುವಷ್ಟರಲ್ಲಿ ಹಾಡು ಕಡಿಯುತ್ತದೆ.

ಪಟ್ಟಿಯಲ್ಲಿ ಕಾಂಬೊ ಕಾರ್ಡೇ ಇಲ್ಲ, ಗೆರೆಯೂ ಬಂದಿಲ್ಲ ಎಂದಾದರೆ ಹಟ ಬೇಡ, ಡಾಂಗಲ್ಲೇ ಸಾಕು. ಉಗುರಿನಷ್ಟೇ ಇರುವಂಥದ್ದು ಸಿಗುತ್ತದೆ. ಅದನ್ನು ನೀಲಿ ಬಣ್ಣದ ಯುಎಸ್‌ಬಿ 3 ಬಾಯಿಗೆ ಹಾಕಬೇಡಿ, ಅದರ ಪಕ್ಕದಲ್ಲೂ ಬೇಡ; ಅಲ್ಲಿ ಹಾರ್ಡ್ ಡಿಸ್ಕ್ ಓಡುವಾಗ ಏಳುವ ರೇಡಿಯೊ ಗದ್ದಲ ಬ್ಲೂಟೂತ್ ಮಾತಾಡುವ 2.4 ಗಿಗಾಹರ್ಟ್ಸ್ ತರಂಗಗಳ ಮೇಲೆಯೇ ಬಂದು ಬೀಳುತ್ತದೆ. ಎದುರು ಬದಿಯ ಕಪ್ಪು ಬಾಯಿಗೆ ಹಾಕಿ. ನಮಸ್ಕಾರ.