ಕೈತೋಟದ ಗಡಿಯಾರ ಮತ್ತು ಒಳಗಿನ ಆವಿ

ಮಾನ್ಯ ಅಧ್ಯಕ್ಷರೇ, ಕೈತೋಟದ ಪ್ರೀತಿಯಿಂದ ಇಲ್ಲಿ ಸೇರಿರುವ ಬಂಧುಗಳೇ,

ತೋಟಕ್ಕೆ ಗಡಿಯಾರವೊಂದನ್ನು ಸ್ವಂತ ಕೈಯಿಂದ ಮಾಡಲು ಹೊರಡುವವರು ಮೊದಲು ಕೇಳುವುದು, ಮಳೆಯ ನೀರನ್ನು ತಡೆಯುವುದು ಹೇಗೆ ಎಂದು. ಚಿತ್ರದುರ್ಗ ಮಳೆ ಕಡಿಮೆಯ ಬಯಲುಸೀಮೆಯಾದ್ದರಿಂದ ಇಲ್ಲಿ ಈ ಕೆಲಸ ಸುಲಭವೆಂದೇ ನಾನೂ ನಂಬಿದ್ದೆ. ಬಿಸಿಲಿನಲ್ಲಿಟ್ಟ ಗಡಿಯಾರಕ್ಕೆ ಒಳಗೆ ಸಿಕ್ಕಿಬಿದ್ದ ಆವಿಯೇ ಮಳೆಗಿಂತ ದೊಡ್ಡ ಶತ್ರು ಎಂಬುದು, ಒಂದು ಕೆಟ್ಟು ಇನ್ನೊಂದನ್ನು ಮಾಡಿದ ಮೇಲೆ ತಿಳಿಯಿತು.

ನನ್ನ ಮೊದಲ ಗಡಿಯಾರಕ್ಕೆ ಎಲ್ಲಿಯೂ ಸಂದು ಉಳಿಯದಂತೆ ಸಿಲಿಕೋನ್ ತುಂಬಿದ್ದೆ. ಬೇಸಿಗೆಯನ್ನು ಅದು ದಾಟಿತು, ಮುಂಗಾರನ್ನೂ ದಾಟಿತು. ಹುಬ್ಬೆ ಮಳೆಯ ದಿನಗಳಲ್ಲಿ ನಿಂತುಹೋಯಿತು. ಹಿಂದಿನ ಮುಚ್ಚಳ ಬಿಚ್ಚಿದಾಗ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಹನಿಗಳು ಒತ್ತೊತ್ತಾಗಿ ಕೂತಿದ್ದವು, ಸೆಲ್ ಕೂರುವ ತಗಡಿನ ಅಂಚಿಗೆ ಹಸಿರು ಕಿಲುಬು ಹತ್ತಿತ್ತು. ಹೊರಗಿನ ಸಿಲಿಕೋನ್ ಮಾತ್ರ ಹಾಕಿದ ಹಾಗೆಯೇ ಇತ್ತು, ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ.

ಹಾಗಾದರೆ ನೀರು ಬಂದದ್ದೆಲ್ಲಿಂದ? ಮುಳ್ಳುಗಳನ್ನು ತಿರುಗಿಸುವ ಅಚ್ಚಿನಲ್ಲಿ ಒಂದರೊಳಗೊಂದು ಕೊಳವೆಗಳಿರುತ್ತವೆ. ಅವು ತಿರುಗಲೇಬೇಕಾದ್ದರಿಂದ ಅಲ್ಲಿಯ ಸಂದನ್ನು ಯಾರೂ ಮುಚ್ಚಲಾರರು. ಮಧ್ಯಾಹ್ನ ಪೆಟ್ಟಿಗೆಯೊಳಗಿನ ಗಾಳಿ 45 ಡಿಗ್ರಿಗೆ ಕಾದು ಹಿಗ್ಗಿ ಆ ಸಂದಿನಿಂದ ಹೊರಹೋಗುತ್ತದೆ. ಸಂಜೆ ಗುಡುಗಿನೊಂದಿಗೆ ಮಳೆ ಹೊಯ್ದು 22 ಡಿಗ್ರಿಗೆ ಇಳಿದರೆ ಒಳಗಿನ ಗಾಳಿ ನೂರಕ್ಕೆ ಏಳು ಪಾಲು ಕುಗ್ಗಿ, ಹೊರಗಿನ ತೇವದ ಗಾಳಿಯನ್ನು, ಅಚ್ಚಿನ ಬುಡದಲ್ಲಿ ನಿಂತ ಹನಿಯನ್ನೂ ಸೇರಿಸಿ, ಒಳಕ್ಕೆ ಎಳೆದುಕೊಳ್ಳುತ್ತದೆ. ದಿನವೂ ಹೀಗೆ ಉಸಿರಾಡುವ ಪೆಟ್ಟಿಗೆಯಿಂದ ಒಳಬಂದ ನೀರು ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಕಿಲುಬು ಹಿಡಿಯದೆ ಇನ್ನೇನಾದೀತು?

ಆದ್ದರಿಂದ ಎರಡನೆಯ ಗಡಿಯಾರಕ್ಕೆ ನಾನು ಉಸಿರಾಡುವ ದಾರಿಯನ್ನು ನಾನೇ ಮಾಡಿಕೊಟ್ಟೆ. ಸೆಲ್ಲಿನಿಂದ ನಡೆದು ಮುಳ್ಳುಗಳನ್ನು ತಿರುಗಿಸುವ ಮಿಷಿನ್ ಸುಮಾರು 56 ಮಿಲಿಮೀಟರಿನ ಚೌಕವಾದ್ದರಿಂದ, ಬೋರ್‌ವೆಲ್ ಸಾಮಾನಿನ ಅಂಗಡಿಯಲ್ಲಿ ಸಿಗುವ ನಾಲ್ಕಿಂಚಿನ ಪಿವಿಸಿ ಪೈಪಿನ ಎಂಡ್ ಕ್ಯಾಪ್ ಅದಕ್ಕೆ ಧಾರಾಳವಾಗಿ ಸಾಲುತ್ತದೆ. ಅದನ್ನು ಫಲಕದ ಹಿಂಬದಿಗೆ ಕೂರಿಸಿ, ಸುತ್ತ ಸಿಲಿಕೋನ್ ಹಾಕಿ, ನೆಲಕ್ಕೆ ಮುಖ ಮಾಡಿದ ತಳಭಾಗದಲ್ಲಿ ಮಾತ್ರ ಐದು ಮಿಲಿಮೀಟರಿನ ಒಂದು ತೂತು ಕೊರೆದೆ. ಗಾಳಿ ಈಗ ಆ ತೂತಿನಿಂದ ಓಡಾಡುತ್ತದೆ, ಕೂಡಿದ ನೀರೂ ಅಲ್ಲಿಂದಲೇ ಇಳಿದುಹೋಗುತ್ತದೆ. ಇರುವೆ, ಕಣಜ ಗೂಡು ಮಾಡದಂತೆ ಸೊಳ್ಳೆ ಪರದೆಯ ಚೂರೊಂದನ್ನು ತೂತಿಗೆ ಅಂಟಿಸಲೇಬೇಕು. ಸೆಕೆಂಡಿನ ಮುಳ್ಳನ್ನು ಕೈಬಿಟ್ಟು, ತುದಿ ಮುಚ್ಚಿರುವ ನಟ್ ಹಾಕಿದರೆ ಅಚ್ಚಿನ ಬಾಯಿಯೂ ಮುಚ್ಚುತ್ತದೆ. ತೋಟದಲ್ಲಿ ಸೆಕೆಂಡು ಎಣಿಸುವ ಅಗತ್ಯ ಯಾರಿಗೂ ಇರುವುದಿಲ್ಲವೆಂದು ನನ್ನ ಭಾವನೆ.

ಸಿಲಿಕೋನ್ ಕೊಳ್ಳುವಾಗ ಒಂದು ಎಚ್ಚರಿಕೆ ಹೇಳಬೇಕು. ಒಣಗುವಾಗ ಹುಳಿ ವಾಸನೆ ಬರುವ ಬಗೆಯು ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಆ ಆಮ್ಲ ತಾಮ್ರದ ತಂತಿಯನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನೇ ತನ್ನಿ. ಅದೂ ಪೂರ್ತಿ ಒಣಗಿದ ಮೇಲೆ ಮಿಷಿನ್ ಕೂರಿಸಿ.

ಫಲಕಕ್ಕೆ ಕಡಪ ಕಲ್ಲು ನೋಡಲು ಬಹಳ ಚೆಂದ. ಆದರೆ ಕಪ್ಪು ಕಲ್ಲು ಬಿಸಿಲನ್ನು ಹೀರುತ್ತದೆ. ದಪ್ಪವಿರುವುದರಿಂದ ಅಚ್ಚು ಹೊರಬರಲು ಹಿಂಬದಿಯಲ್ಲಿ ಕೆತ್ತಿ ತೆಳುಮಾಡಬೇಕಾಗುತ್ತದೆ. ಬೋರ್ಡು ಬರೆಯುವವರಲ್ಲಿ ಉಳಿದ ಬಿಳಿ ಎಸಿಪಿ ಶೀಟಿನ (ಎರಡೂ ಬದಿಗೆ ಅಲ್ಯೂಮಿನಿಯಂ ಹೊದಿಸಿದ ಹಲಗೆಯ) ತುಂಡನ್ನು ನಾನು ಬಳಸಿದೆ, ಅಂಕಿಗಳನ್ನು ಕನ್ನಡದಲ್ಲಿಯೇ ಎನಾಮಲ್ ಬಣ್ಣದಿಂದ ಬರೆದೆ. ಮುಳ್ಳುಗಳು ಹಗುರವಾದ ಅಲ್ಯೂಮಿನಿಯಂನವಾಗಿರಲಿ. ಜೋಗಿಮಟ್ಟಿಯ ಗುಡ್ಡಗಳಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ನಮ್ಮ ತೋಟಕ್ಕೂ ಬೀಸುತ್ತದೆ. ಉದ್ದನೆಯ ಮುಳ್ಳನ್ನು ಅದು ಹಿಂದಕ್ಕೆ ತಳ್ಳಿಬಿಡುತ್ತದೆ. ಐದಿಂಚಿಗಿಂತ ಉದ್ದ ಬೇಡ.

ಮಿಷಿನ್ನಿನೊಳಗೆ ಹೊತ್ತನ್ನು ಅಳೆಯುವ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುವಂತೆ ಕತ್ತರಿಸಲ್ಪಟ್ಟಿರುತ್ತದೆ, 25 ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿ ನಡೆಯುತ್ತದೆ. ಅದಕ್ಕಿಂತ ಕಾದರೂ ನಿಧಾನ, ತಣಿದರೂ ನಿಧಾನ. 45 ಡಿಗ್ರಿಯಲ್ಲೇ ಇಡೀ ದಿನ ಇದ್ದರೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಂದೆ ಬೀಳುತ್ತದೆ. ಇದಕ್ಕೂ ಬಿಸಿಲಿಗೂ ಒಂದೇ ಮದ್ದು: ಉತ್ತರಕ್ಕೆ ಮುಖ ಮಾಡಿದ ಗೋಡೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕೆ ಸರಿದರೂ ನೆತ್ತಿಯ ಹತ್ತಿರವೇ ಇರುವುದರಿಂದ, ಮೇಲೊಂದು ಗೇಣಗಲದ ತಗಡಿನ ಮಾಡು ಇದ್ದರೆ ಆ ಹೊತ್ತಿನ ಬಿಸಿಲಿಗೆ ನೆರಳಾಗುತ್ತದೆ.

ಕೊನೆಯದಾಗಿ, ಅಂದಕ್ಕಾಗಿ ನಾನು ಮಾಡಿಕೊಂಡ ಒಂದು ಗುರುತಿನ ಮಾತು. ಭಾರತದ ಕಾಲಮಾನವನ್ನು 82.5 ಡಿಗ್ರಿ ರೇಖಾಂಶಕ್ಕೆ ಹಿಡಿದಿದ್ದಾರೆ, ಚಿತ್ರದುರ್ಗ ಇರುವುದು 76.4ರ ಬಳಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಸುಮಾರು 24 ನಿಮಿಷ ತಡ, ಅಂದರೆ ನಮ್ಮ ಹಿರಿಯರ ಲೆಕ್ಕದಲ್ಲಿ ಒಂದು ಗಳಿಗೆ. ದಾವಣಗೆರೆಯವರಿಗೆ ಇನ್ನೂ ಎರಡು ನಿಮಿಷ ಸೇರಿಸಬೇಕು. ಏಪ್ರಿಲ್ 15ರ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅತಿ ಗಿಡ್ಡವಾಗುವುದು ಇಲ್ಲಿ 12 ಗಂಟೆ 24 ನಿಮಿಷಕ್ಕೆ. ಫೆಬ್ರುವರಿಯಲ್ಲಿ ಅದು ಹದಿನಾಲ್ಕು ನಿಮಿಷ ಮುಂದಕ್ಕೂ ನವೆಂಬರಿನಲ್ಲಿ ಹದಿನಾರು ನಿಮಿಷ ಹಿಂದಕ್ಕೂ ಸರಿಯುತ್ತದೆ. ನನ್ನ ಫಲಕದಲ್ಲಿ ೫ರ ಅಂಕಿಗೆ ತುಸು ಮುಂಚೆ, ನಿಮಿಷದ ಮುಳ್ಳು ಆ ಹೊತ್ತಿಗೆ ಬಂದು ನಿಲ್ಲುವ ಜಾಗದಲ್ಲಿ, ಕೆಂಪು ಬಣ್ಣದ ಒಂದು ಸಣ್ಣ ಗೆರೆ ಇದೆ.