ಬಾಗಿಲು ಆಮೇಲೆ, ಮೊದಲು ಕಿಟಕಿ ನೋಡಿ

ಕೇಳುಗರೇ, ನಮಸ್ಕಾರ.

ಪುಟ್ಟದೊಂದು ಫ್ಲಾಟ್ ಕೊಳ್ಳುವವರು ಕರೆಂಟ್ ಖರ್ಚು ಕಡಿಮೆ ಬರುವ ಮನೆ ಹುಡುಕುವುದು ಹೇಗೆ? ಇದರ ಬಗ್ಗೆ ಮಾತಾಡಿ ಅಂತ ಈ ಸ್ಟುಡಿಯೋದವರು ನನ್ನನ್ನು ಕರೆದಿದ್ದಾರೆ. ನಾನು ಮನೆಗಳ ನಕ್ಷೆ ಹಾಕುವವಳು. ಈ ವಿಷಯ ಕೊಟ್ಟರೆ ಬೆಳಗಿನ ತನಕ ಮಾತಾಡಿಯೇನು. ಇವರು ಕೊಟ್ಟಿರುವುದು ಏಳೆಂಟು ನಿಮಿಷ.

ನೀವು ಈಗ ಕೆಂಗೇರಿ ಕಡೆಯೋ ಯಲಹಂಕದ ಕಡೆಯೋ ಬಾಡಿಗೆಗೆ ಇದ್ದೀರಿ ಅಂದುಕೊಳ್ಳುತ್ತೇನೆ. ಮಗು ಹತ್ತಿರದ ಶಾಲೆಗೆ ಸೇರಿದೆ, ಪಾರ್ಕಿನಲ್ಲಿ ಅಜ್ಜ ಅಜ್ಜಿಗೆ ಗೆಳೆಯರು ಸಿಕ್ಕಿದ್ದಾರೆ. ಆ ಏರಿಯಾ ಬಿಟ್ಟು ಹೋಗಲು ಮನಸ್ಸಿಲ್ಲ. ಮೆಟ್ರೋ 2021ರಲ್ಲಿ ಕೆಂಗೇರಿಗೆ ಬಂತು, 2023ರಲ್ಲಿ ಚಲ್ಲಘಟ್ಟಕ್ಕೆ ಹೋಯಿತು. ಹಿಂದೆಯೇ ಅಪಾರ್ಟ್‌ಮೆಂಟುಗಳೂ ಎದ್ದವು. ನಿಮ್ಮ ಟೇಬಲ್ ಮೇಲೆ ನಾಲ್ಕು ಬ್ರೋಷರ್ ಬಿದ್ದಿವೆ. ನಾಲ್ಕರ ಮೇಲೂ ಹಸಿರು ಎಲೆ, ನಗುವ ಸಂಸಾರ. ಅದನ್ನೆಲ್ಲ ಎತ್ತಿಡಿ.

ನಾನು ಹೇಳುವುದು ಒಂದೇ. ಮನೆ ನೋಡಲು ಮಧ್ಯಾಹ್ನ ನಾಲ್ಕು ಗಂಟೆಗೆ ಹೋಗಿ. ಬೆಳಗ್ಗೆ ಹೋಗಬೇಡಿ. ಬೆಳಗ್ಗೆ ಹತ್ತಕ್ಕೆ ಬೆಂಗಳೂರಿನ ಯಾವ ಮನೆಯಾದರೂ ತಣ್ಣಗೇ ಇರುತ್ತದೆ.

ನನ್ನ ಅಕ್ಕ, ಭಾವನ ಕಥೆ ಹೇಳುತ್ತೇನೆ. ಭಾವ ಬ್ಯಾಂಕಿನಿಂದ ರಿಟೈರ್ ಆದವರು. ಎರಡು ರೂಮಿನ ಫ್ಲಾಟ್ ನೋಡಿದರು. ಭಾನುವಾರ ಬೆಳಗ್ಗೆ, ಮಸಾಲೆ ದೋಸೆ ತಿಂದುಕೊಂಡು ಹೋಗಿ ನೋಡಿದರು. ಪೂರ್ವದ ಬಾಗಿಲು! ಅದಕ್ಕೆ ಅಂತಲೇ ಬಿಲ್ಡರ್ ಚದರ ಅಡಿಗೆ ಐವತ್ತು ರೂಪಾಯಿ ಜಾಸ್ತಿ ಕೇಳಿದ. ಭಾವ ಖುಷಿಯಿಂದ ಕೊಟ್ಟರು. ನಕ್ಷೆ ನನಗೊಮ್ಮೆ ತೋರಿಸಿ ಅಂದೆ. "ನೀನು ಆರ್ಕಿಟೆಕ್ಟ್ ಇರಬಹುದು ಕಣಮ್ಮ, ಬಾಗಿಲಿನ ವಿಷಯ ನನಗೆ ಬಿಡು" ಅಂದರು. ಬಿಟ್ಟೆ.

ಈಗ ನೀವೇ ಯೋಚನೆ ಮಾಡಿ. ಊರಿನ ಮನೆಯಲ್ಲಿ ಪೂರ್ವದ ಬಾಗಿಲು ತೆರೆದರೆ ಎಳೆಬಿಸಿಲು ಪಡಸಾಲೆಗೆ ಬರುತ್ತಿತ್ತು. ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ತೆರೆದರೆ ಏನಿದೆ? ಕಾರಿಡಾರ್. ಎದುರುಮನೆಯ ಚಪ್ಪಲಿ ಸ್ಟ್ಯಾಂಡ್. ಒಂದು ಟ್ಯೂಬ್‌ಲೈಟ್. ಬಾಗಿಲು ಪೂರ್ವಕ್ಕಿದೆ ಅಂದರೆ ಮನೆ ಕಾರಿಡಾರಿನ ಪಶ್ಚಿಮಕ್ಕಿದೆ. ಬಾಲ್ಕನಿ, ರೂಮಿನ ಕಿಟಕಿ ಸಾಮಾನ್ಯವಾಗಿ ಆ ಕಡೆಗೇ ಇರುತ್ತವೆ. ಭಾವ ದುಡ್ಡು ಕೊಟ್ಟು ಕೊಂಡದ್ದು ಪಶ್ಚಿಮದ ಬಿಸಿಲು.

ಡಿಸೆಂಬರಿನಲ್ಲಿ ಹಾಲು ಉಕ್ಕಿಸಿದರು. ಯುಗಾದಿವರೆಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಏಪ್ರಿಲಿನಲ್ಲಿ ಒಂದು ಸಂಜೆ ಮದುವೆ ರಿಸೆಪ್ಷನ್‌ಗೆ ಹೊರಡುವಾಗ ಅಕ್ಕ ಬೀರು ತೆಗೆದಳು. ಆ ಸ್ಟೀಲ್ ಬೀರು ಪಶ್ಚಿಮದ ಗೋಡೆಗೆ ಒರಗಿಸಿಟ್ಟಿತ್ತು. ಒಳಗಿನ ರೇಷ್ಮೆ ಸೀರೆ ಈಗ ತಾನೇ ಇಸ್ತ್ರಿ ಮಾಡಿಟ್ಟಂತೆ ಬೆಚ್ಚಗಿತ್ತು. "ಏನೇ ಇದು?" ಅಂತ ನನಗೆ ಫೋನು. ರಾತ್ರಿ ಒಂಬತ್ತಕ್ಕೆ ಹೋಗಿ ಗೋಡೆ ಮುಟ್ಟಿದೆ. ಒಲೆ ಆರಿಸಿ ಸ್ವಲ್ಪ ಹೊತ್ತಾದ ಕಾವಲಿ ಹಾಗಿತ್ತು.

ಕಾರಣ ಸರಳ. ದಕ್ಷಿಣದ ಬಿಸಿಲು ಸಾಧು. ಮಧ್ಯಾಹ್ನ ಮೇಲಿಂದ ಬರುತ್ತದೆ, ಕಿಟಕಿಗೆ ಎರಡಡಿ ಸಜ್ಜ ಇದ್ದರೆ ಬಹುಪಾಲು ಅಲ್ಲೇ ನಿಲ್ಲುತ್ತದೆ. ಸಂಜೆಯ ಸೂರ್ಯ ಕೆಳಗಿಳಿದು ಸೀದಾ ಗೋಡೆಯ ಮುಖಕ್ಕೇ ಹೊಡೆಯುತ್ತಾನೆ. ಸಜ್ಜಕ್ಕೆ ಅಲ್ಲಿ ಕೆಲಸವೇ ಇಲ್ಲ. ಅಷ್ಟು ಹೊತ್ತಿಗೆ ಗಾಳಿಯೂ ಕಾದಿರುತ್ತದೆ. ಗೋಡೆ ಆ ಬಿಸಿಯನ್ನು ಕುಡಿದು, ನೀವು ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ದೊಡ್ಡ ಮನೆಯಾದರೆ ಇನ್ನೊಂದು ರೂಮಿಗೆ ಹೋಗಿ ಮಲಗಬಹುದು. ಪುಟ್ಟ ಮನೆಯಲ್ಲಿ ಎಲ್ಲಿಗೆ ಹೋಗುತ್ತೀರಿ?

ಭಾವ ಎಸಿ ಹಾಕಿಸಿದರು, ಒಂದೂವರೆ ಟನ್‌ನದು. ಅದು ರಾತ್ರಿ ಆರು ಗಂಟೆ ಹೊತ್ತು ಓಡಿದರೆ ಸುಮಾರು ಆರು ಯೂನಿಟ್. ಎಸಿ ಒಂದಕ್ಕೇ ತಿಂಗಳಿಗೆ 180. "ಗೃಹಜ್ಯೋತಿ ಇದೆಯಲ್ಲ" ಅಂತ ಧೈರ್ಯವಾಗಿದ್ದರು. ಮನೆಯ ಉಳಿದ ಬಳಕೆಯೂ ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು, ಅದು ಮರೆತೇ ಹೋಗಿತ್ತು. ನೆನಪಿಸಿದ್ದು ಮೇ ತಿಂಗಳ ಬಿಲ್.

ಕಿಟಕಿಯ ಹೊರಗಡೆ ಬಿದಿರಿನ ಪರದೆ ಕಟ್ಟಿಸಿ ಅಂದೆ. ಒಳಗೆ ಕರ್ಟನ್ ಎಳೆದರೆ ಹೆಚ್ಚು ಪ್ರಯೋಜನವಿಲ್ಲ, ಬಿಸಿ ಆಗಲೇ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಅಸೋಸಿಯೇಷನ್‌ನವರು ಒಪ್ಪಲಿಲ್ಲ, ಕಟ್ಟಡದ ಅಂದ ಕೆಡುತ್ತದಂತೆ. ಪತ್ರ ಬರೆದು, ಮೀಟಿಂಗಿನಲ್ಲಿ ಜಗಳ ಆಡಿ, ಕೊನೆಗೆ ಎಲ್ಲರೂ ಒಂದೇ ಬಣ್ಣದ್ದು ಹಾಕಿಕೊಳ್ಳಿ ಅಂತ ತೀರ್ಮಾನವಾಯಿತು. ಪಶ್ಚಿಮದ ಸಾಲಿನಲ್ಲಿ ಈಗ ಹದಿನಾಲ್ಕು ಮನೆಗೆ ಪರದೆ ಇದೆ. ಅವರೆಲ್ಲರೂ ಪೂರ್ವದ ಬಾಗಿಲಿಗೆ ಜಾಸ್ತಿ ಕೊಟ್ಟವರೇ!

ಗಾಜಿನಾಚೆ ಇಬ್ಬರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ನಡುವಿನ ಮಹಡಿ ತೆಗೆದುಕೊಳ್ಳಿ. ಮೇಲೆ, ಕೆಳಗೆ, ಪಕ್ಕದಲ್ಲಿ ಬೇರೆಯವರ ಮನೆ ಇದ್ದರೆ ನಿಮ್ಮ ಮನೆಗೆ ಕೊಡೆ ಹಿಡಿದಂತೆ. ಗೋಡೆ ಯಾವುದರದ್ದು ಅಂತ ಕೇಳಿ. ಎಎಸಿ ಬ್ಲಾಕ್ ಅಂದರೆ ಹಗುರವಾದ ಕಾಂಕ್ರೀಟ್ ಇಟ್ಟಿಗೆ. ಅದರ ಒಳಗೆ ಗಾಳಿಯ ಗುಳ್ಳೆಗಳಿರುತ್ತವೆ, ಬಿಸಿ ನಿಧಾನಕ್ಕೆ ಬರುತ್ತದೆ. ಮೈವಾನ್ ಅಂದರೆ ಅಲ್ಯೂಮಿನಿಯಂ ಅಚ್ಚಿಗೆ ಸುರಿದು ಕಟ್ಟುವ ವಿಧಾನ, ಅದರಲ್ಲಿ ಗೋಡೆಯೂ ಕಾಂಕ್ರೀಟ್. ಆ ಗೋಡೆ ಪಶ್ಚಿಮಕ್ಕೆ ಬಂದರೆ ಬೀರುವಿನ ಕಥೆ ನೆನಪಿಡಿ. ಹಳೆ ಫ್ಯಾನ್ 75 ವಾಟ್ ತಿನ್ನುತ್ತದೆ, ಕಡಿಮೆ ಕರೆಂಟಿನ ಮೋಟಾರ್ ಇರುವ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್ ಬದಲು 11. ಇನ್ನು, ಲಿಫ್ಟ್, ಕಾರಿಡಾರಿನ ಪಾಲನ್ನೂ ಸೇರಿಸಿ ಹೇಳುವ ಸೂಪರ್ ಬಿಲ್ಟ್‌ಅಪ್ ಲೆಕ್ಕಕ್ಕೆ ಮರುಳಾಗಬೇಡಿ. ಮನೆ ಕೊಳ್ಳುವವರ ರಕ್ಷಣೆಗೆ ಬಂದ 2016ರ ರೇರಾ ಕಾಯ್ದೆಯಲ್ಲಿ ಇರುವುದು ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ, ಅದರಲ್ಲಿ ಬಾಲ್ಕನಿಯೂ ಹೊರಗೋಡೆಯೂ ಸೇರುವುದಿಲ್ಲ. ಅದನ್ನೇ ಕೇಳಿ. ಸಾಲ, ಖಾತೆ, ರಿಜಿಸ್ಟ್ರೇಷನ್ ಬಗ್ಗೆ ಹೇಳಲು ನನಗಿಂತ ತಿಳಿದವರಿದ್ದಾರೆ.

ನಾನು ಹೇಳುವುದು ಕಿಟಕಿ. ಮಧ್ಯಾಹ್ನ ನಾಲ್ಕಕ್ಕೆ ಹೋಗಿ. ಸೇಲ್ಸ್ ಹುಡುಗ "ಬೆಳಗ್ಗೆ ಬನ್ನಿ ಮೇಡಂ, ಟ್ರಾಫಿಕ್ ಇರಲ್ಲ" ಅಂತಾನೆ. ನಾಲ್ಕಕ್ಕೇ ಹೋಗಿ. ಮಲಗುವ ರೂಮಿನ ಹೊರಗೋಡೆಯ ಮೇಲೆ ಅಂಗೈ ಇಟ್ಟು ಹತ್ತು ಎಣಿಸಿ.

ಭಾವ ಈಗಲೂ ಬಂದವರಿಗೆಲ್ಲ ಬಾಗಿಲು ತೋರಿಸುತ್ತಾರೆ. ಅಕ್ಕ ಮಾತ್ರ ಅವರನ್ನು ರೂಮಿಗೆ ಕರೆದುಕೊಂಡು ಹೋಗಿ ಬೀರು ಮುಟ್ಟಿಸುತ್ತಾಳೆ.

ನಮಸ್ಕಾರ.