ಬಂಡೆಯ ಬಿರುಕಿನ ನೀರು

ಕೇಳುಗರೇ, ನಮಸ್ಕಾರ.

ಭೂಮಿಯ ನೀರಿನಲ್ಲಿ ನೂರಕ್ಕೆ 97 ಪಾಲು ಸಮುದ್ರದ್ದು, ಬರೀ ಉಪ್ಪು. ಸಿಹಿನೀರಿನಲ್ಲೂ ಮೂರನೇ ಎರಡು ಪಾಲಿನಷ್ಟು ಹಿಮಗಡ್ಡೆಯಾಗಿ ಕೂತಿದೆ, ಅದೂ ಹೆಚ್ಚಾಗಿ ಅಂಟಾರ್ಕ್ಟಿಕಾದಲ್ಲಿ. ಹಾಗಾದರೆ ಮಿಕ್ಕಿದ್ದೆಲ್ಲಿ? ಬಹುಪಾಲು ನಮ್ಮ ಕಾಲಡಿಯಲ್ಲೇ. ನದಿ, ಸರೋವರಗಳ ಸಿಹಿನೀರನ್ನೆಲ್ಲ ಕೂಡಿಸಿದರೂ ಅದರ ಸುಮಾರು ನೂರರಷ್ಟು ನೀರು ನೆಲದೊಳಗಿದೆ.

ಆದರೆ ಈ ಲೆಕ್ಕ ಕೇಳಿ ಕೋಲಾರದ ರೈತರು ಸಮಾಧಾನಪಡುವಂತಿಲ್ಲ. ಗಂಗಾ ಬಯಲಿನಲ್ಲಿ ನೆಲದಡಿ ನೂರಾರು ಮೀಟರ್ ಮರಳು, ಮೆಕ್ಕಲು ಮಣ್ಣು. ನೀರಿಗೆ ಜಾಗ ಧಾರಾಳ. ನಮ್ಮದು ಗ್ರಾನೈಟ್ ನಾಡು. ಗಟ್ಟಿ ಬಂಡೆ ನೀರು ಹಿಡಿಯುವುದಿಲ್ಲ. ಮೇಲಿನ ಪುಡಿಗಲ್ಲಿನ ಪದರದಲ್ಲಿ, ಕೆಳಗಿನ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಒಳಗೆ ನದಿ ಹರಿಯುತ್ತಿದೆ ಅಂತ ಎಷ್ಟೋ ಜನ ನಂಬಿದ್ದಾರೆ. ನಮ್ಮ ಬಂಡೆಯಲ್ಲಿ ಅಂಥ ನದಿಯಿಲ್ಲ.

ಬೋರ್ ಕೊರೆಯುವಾಗ ಹತ್ತಿರ ನಿಂತು ನೋಡಿ. ಮೊದಲು ಕೆಂಪು ಮಣ್ಣು, ಆಮೇಲೆ ಪುಡಿಗಲ್ಲು. ಅಷ್ಟು ಆಳಕ್ಕೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಅಜ್ಜಂದಿರ ತೆರೆದ ಬಾವಿಗಳಿಗೆ ನೀರು ಬರುತ್ತಿದ್ದದ್ದು ಈ ಪದರದಿಂದಲೇ. ಈಗ ಬಹಳ ಕಡೆ ಅದು ಒಣಗಿದೆ. ಅದರ ಕೆಳಗೆ ಗಟ್ಟಿ ಬಂಡೆ ಸಿಕ್ಕ ಕೂಡಲೇ ಬೂದು ದೂಳು ಏಳುತ್ತದೆ. ಕೊರೆಯುವ ಮೊನೆ, ಅಂದರೆ ಬಿಟ್, ಒಂದು ಬಿರುಕಿಗೆ ತಾಗಿತೋ, ದೂಳು ಕೆಸರಾಗುತ್ತದೆ, ನೀರು ಚಿಮ್ಮುತ್ತದೆ. ತಾಗಲಿಲ್ಲವೋ, ಕೊನೆಯವರೆಗೂ ದೂಳೇ. ಪಕ್ಕದ ಹೊಲದಲ್ಲಿ ಎರಡು ಇಂಚು ನೀರು ಬಿದ್ದು ನಿಮ್ಮ ಬೋರ್ ಫೇಲ್ ಆಗುವುದು ಇದಕ್ಕೇ. ಅದು ಹಣೆಬರಹ ಅಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿಯೂ ಕೊರೆಯುತ್ತಿದ್ದಾರೆ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಸಿಕ್ಕ ನೀರೂ ಬಹುಕಾಲ ಬಂಡೆಯ ಜೊತೆಗಿದ್ದು ಫ್ಲೋರೈಡ್ ಕರಗಿಸಿಕೊಂಡಿರುತ್ತದೆ. ಮಕ್ಕಳ ಹಲ್ಲಿಗೆ ಕಂದು ಕಲೆ ಬರುವುದು ಇಂಥ ನೀರು ಕುಡಿದೇ. ಸಾಲ ಮಾಡಿ ಇಂಥ ನೀರು ತೆಗೆಯಬೇಕಾಯಿತಲ್ಲ ಅಂತ ಸಂಕಟವಾಗುತ್ತದೆ.

ಆದರೆ ಮೇಲಿನ ಪುಡಿಗಲ್ಲಿನ ಪದರವನ್ನು ಮತ್ತೆ ತುಂಬಿಸಬಹುದು. ಕೆರೆ ತುಂಬಿದ ವರ್ಷ ಅಚ್ಚುಕಟ್ಟಿನ ಬಾವಿಗಳಲ್ಲಿ ನೀರು ಏರುವುದನ್ನು ಹಿರಿಯರು ಕಂಡಿದ್ದಾರೆ, ಅಲ್ವಾ? ಈ ಸಲ ಮುಂಗಾರಿಗೆ ಮುಂಚೆ ನಿಮ್ಮೂರ ಕೆರೆಗೆ ನೀರು ತರುವ ಕಾಲುವೆಯ ಗುಂಟ ನಡೆದು ಬನ್ನಿ. ಎಲ್ಲಿ ಹೂಳು ತುಂಬಿದೆ, ಎಲ್ಲಿ ಒತ್ತುವರಿಯಾಗಿದೆ ಅಂತ ಬರೆದುಕೊಳ್ಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ನಮಸ್ಕಾರ.